ಲೀಡರ್ ಯಾರು ಅಂತ ಮಕ್ಕಳೇ ಹೇಳ್ಲಿ

ಸಂಪಾದಕರಿಗೆ ನಮಸ್ಕಾರ,

ಸಿಗರೇಟು, ಕುಡಿತ, ಡ್ರಗ್ಸ್ ಬೇಡ ಅಂತ ಹದಿಹರೆಯದ ಮಕ್ಕಳೇ ತಮ್ಮ ಫ್ರೆಂಡ್ಸ್‌ಗೆ ಹೇಳೋದು ತುಂಬಾ ಒಳ್ಳೇದು, ಆದ್ರೆ ಅದಕ್ಕೆ ಅಂತ ಸ್ಕೂಲಲ್ಲಿ ಮಕ್ಕಳ ಲೀಡರ್‌ಗಳನ್ನ ಆರಿಸೋ ರೀತಿ ನೋಡಿದ್ರೆ ಬೇಜಾರಾಗುತ್ತೆ. ಜಾಸ್ತಿ ಮಾರ್ಕ್ಸ್ ತಗೊಳೋರು, ಟೀಚರ್ ಹೇಳಿದ್ದಕ್ಕೆಲ್ಲ ಹೂಂ ಅನ್ನೋರು, ಅವರಿಗೇ ಬ್ಯಾಡ್ಜ್. ಹಿಂದಿನ ಬೆಂಚಿನೋರು ಇವರ ಮಾತು ಕೇಳ್ತಾರಾ?

ಬ್ರಿಟನ್‌ನ ಸ್ಕೂಲುಗಳಲ್ಲಿ ಅಸಿಸ್ಟ್ ಅಂತ ಒಂದು ಪ್ರಯೋಗ ಆಯ್ತು, 2008ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಅದರ ವರದಿ ಬಂತು. 12-13 ವಯಸ್ಸಿನ ಮಕ್ಕಳನ್ನೇ ಕೇಳಿ, ಅವರಲ್ಲಿ ಯಾರ ಮಾತಿಗೆ ಬೆಲೆ ಇದೆಯೋ ಅಂಥೋರಿಗೆ ಟ್ರೇನಿಂಗ್ ಕೊಟ್ರು, ಅವರೇನು ಸ್ಟೇಜ್ ಹತ್ತಿ ಭಾಷಣ ಮಾಡ್ಲಿಲ್ಲ, ಸುಮ್ನೆ ಹರಟೆ ಹೊಡೀತಾ ಸಿಗರೇಟಿನ ವಿಷ್ಯ ತೆಗೀತಿದ್ರು ಅಷ್ಟೆ, ಆದ್ರೂ ಬೇರೆ ಸ್ಕೂಲುಗಳಿಗಿಂತ ಅಲ್ಲಿ ಸೇದೋರು ಕಮ್ಮಿ ಇದ್ರು. ನಮ್ಮ ದೊಡ್ಡೋರಿಗೆ ಇದು ಯಾಕೆ ಹೊಳೆಯಲ್ಲ ಅಂತ!

ಇನ್ನೊಂದು ಮಾತು. ಈ ಮಕ್ಕಳನ್ನ ಚಾಡಿ ಹೇಳೋಕೆ ಬಳಸ್ಕೋಬೇಡಿ, ಒಂದ್ಸಲ ಹಾಗಾದ್ರೆ ಆಮೇಲೆ ಯಾರೂ ಅವರನ್ನ ನಂಬಲ್ಲ. ಚಟಕ್ಕೆ ಬಿದ್ದಿರೋ ಫ್ರೆಂಡ್‌ನ ಬಿಡಿಸೋ ಭಾರಾನೂ ಹಾಕ್ಬೇಡಿ, ಅದು ಡಾಕ್ಟರ್, ಕೌನ್ಸೆಲರ್ ಕೆಲಸ. ಆದ್ರೆ ಕುಡಿದು ಎಚ್ಚರ ತಪ್ಪಿದೋರನ್ನ ಒಂದು ಪಕ್ಕಕ್ಕೆ ಮಲಗಿಸ್ಬೇಕು, ಒಬ್ರನ್ನೇ ಬಿಟ್ಟು ಹೋಗ್ಬಾರ್ದು, ತಕ್ಷಣ ಆಂಬುಲೆನ್ಸ್ ಕರೀಬೇಕು ಅನ್ನೋದು ಪ್ರತಿ ಮಗೂಗೂ ಗೊತ್ತಿರಲೇಬೇಕು. ಬೈಸ್ಕೋತೀವಿ, ಸಸ್ಪೆಂಡ್ ಆಗ್ತೀವಿ ಅಂತ ಹೆದರಿ ಎಷ್ಟೋ ಮಕ್ಕಳು ಫೋನೇ ಮಾಡಲ್ಲ. ಸಹಾಯ ಕೇಳಿದ್ದಕ್ಕೆ ಶಿಕ್ಷೆ ಇಲ್ಲ ಅಂತ ಸ್ಕೂಲು, ಕಾಲೇಜುಗಳು ಮೊದಲೇ ಬರೆದು ಹಾಕ್ಲಿ, ಮನೇಲಿ ನಾವೂ ಅದನ್ನೇ ಹೇಳೋಣ.

ಇಂತಿ,
ಒಬ್ಬ ತಾಯಿ