ಲ್ಯಾಬ್ರಡಾರ್ ಮರಿ ಕೊಳ್ಳುವವರಿಗೆ: ನೋಂದಣಿ ಪತ್ರದ ಜೊತೆ ಇನ್ನು ವಂಶವಾಹಿ ವರದಿ

ಮಾನ್ಯ ಗ್ರಾಹಕರೇ,

ಬರುವ ಯುಗಾದಿಯಿಂದ ನಮ್ಮ ಸಹಕಾರ ಸಂಘದ ಸದಸ್ಯರು ಕೊಡುವ ಪ್ರತಿ ಲ್ಯಾಬ್ರಡಾರ್ ಮರಿಯ ಜೊತೆ ಅದರ ತಂದೆ ತಾಯಿಯ ವಂಶವಾಹಿ ಪರೀಕ್ಷೆಯ ವರದಿಯೂ ನಿಮ್ಮ ಕೈಸೇರುತ್ತದೆ. ಪರೀಕ್ಷೆಯಾಗದ ನಾಯಿಯಿಂದ ಮರಿ ಮಾಡಿಸುವುದನ್ನು ಸಂಘ ನಿಲ್ಲಿಸಿದೆ. ಇದರಿಂದ ಮರಿಯೊಂದರ ಬೆಲೆ 2,000 ರೂಪಾಯಿ ಏರುತ್ತದೆ, ಈ ವರ್ಷ ಮರಿಗಳೂ ಕಡಿಮೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ ಅನ್ವಯ. ಅಷ್ಟು ದಿನ ಕಾಯಲಾಗದವರು ಮುಂಗಡವನ್ನು ಪೂರ್ತಿಯಾಗಿ ಹಿಂಪಡೆಯಬಹುದು.

‘ಪೇಪರ್ ಇರುವ ನಾಯಿಗೆ ಮತ್ತೇಕೆ ಪರೀಕ್ಷೆ?’ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಚೆನ್ನೈಯ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ನೋಂದಣಿ ಪತ್ರ ಮರಿಯ ಅಪ್ಪ ಯಾರು, ಅಜ್ಜ ಯಾರು ಎಂಬುದನ್ನು ಹೇಳುತ್ತದೆ. ಆ ಅಜ್ಜನ ಕಣ್ಣು ಮುಪ್ಪಿನವರೆಗೆ ಕಾಣುತ್ತಿತ್ತೇ ಎಂಬುದು ಅದರಲ್ಲಿ ಇರುವುದಿಲ್ಲ. ಪ್ರದರ್ಶನದಲ್ಲಿ ಗೆದ್ದ ಒಂದು ಗಂಡು ನಾಯಿಯನ್ನು ಹತ್ತಾರು ಊರುಗಳ ಹೆಣ್ಣು ನಾಯಿಗಳಿಗೆ ಕೂಡಿಸುವುದು ಈ ಕಸುಬಿನಲ್ಲಿ ಸಾಮಾನ್ಯ. ಅದರೊಳಗೆ ಒಂದು ದೋಷ ಅಡಗಿದ್ದರೆ ಅಷ್ಟೂ ಊರುಗಳಿಗೆ ಅದು ಹಂಚಿಹೋಗುತ್ತದೆ.

ಕಾನೂನು ಒಂದು ಮಟ್ಟಿಗೆ ನಮ್ಮನ್ನು ಕಾಯುತ್ತದೆ. ನಾಯಿ ಸಾಕಿ ಮಾರುವವರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ. ವರ್ಷಕ್ಕೊಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ 5 ಸೂಲುಗಳನ್ನು ಮೀರುವಂತಿಲ್ಲ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇವೆಲ್ಲ ಒಳ್ಳೆಯ ನಿಯಮಗಳು, ನಾವು ಪಾಲಿಸುತ್ತಿದ್ದೇವೆ. ಆದರೆ ಲ್ಯಾಬ್ರಡಾರ್‌ಗೆ ಬರುವ ಒಂದು ಕಣ್ಣಿನ ರೋಗಕ್ಕೆ ಇಷ್ಟು ಸಾಲದು.

ಆ ರೋಗದಲ್ಲಿ ಅಕ್ಷಿಪಟಲ ನಿಧಾನವಾಗಿ ಸವೆಯುತ್ತದೆ. ಮೊದಲು ಇರುಳುಗುರುಡು, ಕೊನೆಗೆ ಪೂರ್ಣ ಕುರುಡು. ಚಿಕಿತ್ಸೆ ಇಲ್ಲ. ಲ್ಯಾಬ್ರಡಾರ್‌ನಲ್ಲಿ ಇದರ ಲಕ್ಷಣ ಕಾಣುವುದು ಸಾಮಾನ್ಯವಾಗಿ 4ರಿಂದ 6ನೇ ವಯಸ್ಸಿನಲ್ಲಿ. ಕೂಡಿಸಲು ಕಾನೂನು ಒಪ್ಪುವ ವಯಸ್ಸಾದರೋ ಒಂದೂವರೆ ವರ್ಷ. ಅಂದರೆ ರೋಗ ಹೊರಬೀಳುವ ಹೊತ್ತಿಗೆ ಆ ನಾಯಿ ಎರಡು ಮೂರು ಸಲ ಮರಿ ಹಾಕಿರುತ್ತದೆ, ಆ ಮರಿಗಳು ನಿಮ್ಮ ಮನೆಗಳಲ್ಲಿ ಮಕ್ಕಳ ಜೊತೆ ಬೆಳೆದಿರುತ್ತವೆ. ಬೆದೆಗೆ ಬಂದ ನಾಯಿಯನ್ನು ಪಶುವೈದ್ಯರು ಎಷ್ಟೇ ಶ್ರದ್ಧೆಯಿಂದ ನೋಡಿದರೂ ಆಗ ಅದರ ಕಣ್ಣು ಚೆನ್ನಾಗಿಯೇ ಇರುತ್ತದೆ. ಈ ದೋಷ ಯಾವ ವಂಶವಾಹಿಯಲ್ಲಿದೆ ಎಂಬುದು 2006ರಲ್ಲಿ ತಿಳಿಯಿತು. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕಳಿಸಿದರೆ ಪ್ರಯೋಗಾಲಯ ಈಗ ಅದನ್ನು ಗುರುತಿಸುತ್ತದೆ. ಜೀವಮಾನದಲ್ಲಿ ಒಂದು ಸಲ ಮಾಡಿಸಿದರೆ ಸಾಕು.

ಎರಡನೆಯ ಪರೀಕ್ಷೆ, ಓಡಾಟದಿಂದ ಕುಸಿಯುವ ರೋಗದ್ದು. ಚೆಂಡಿನ ಹಿಂದೆ ಹುಮ್ಮಸ್ಸಿನಿಂದ ಓಡುತ್ತಿದ್ದ ನಾಯಿಯ ಹಿಂಗಾಲುಗಳು 5ರಿಂದ 20 ನಿಮಿಷಗಳೊಳಗೆ ಬಲಗುಂದಿ ತೂರಾಡುತ್ತವೆ. ಹೆಚ್ಚಿನವು ಚೇತರಿಸಿಕೊಳ್ಳುತ್ತವೆ, ಅಪರೂಪಕ್ಕೆ ಸಾಯುವುದೂ ಉಂಟು. ಸೆಕೆಯಲ್ಲಿ ಇದು ಉಲ್ಬಣಿಸುತ್ತದೆ. ಬಳ್ಳಾರಿ, ಕಲಬುರಗಿ ಕಡೆಯ ಗ್ರಾಹಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ವರದಿಯಲ್ಲಿ ನಾಯಿಯನ್ನು ‘ಕ್ಲಿಯರ್’, ‘ಕ್ಯಾರಿಯರ್’, ‘ಅಫೆಕ್ಟೆಡ್’ ಎಂದು ಗುರುತಿಸಿರುತ್ತಾರೆ. ತಂದೆಯಿಂದಲೂ ತಾಯಿಯಿಂದಲೂ ದೋಷ ಬಂದ ನಾಯಿಗೆ ಮಾತ್ರ ಈ ರೋಗಗಳ ಭಯ. ಒಬ್ಬರಿಂದ ಮಾತ್ರ ಬಂದಿದ್ದರೆ ಅದು ಕ್ಯಾರಿಯರ್. ಅದರ ಕಣ್ಣಿಗೂ ಕಾಲಿಗೂ ಆ ದೋಷದಿಂದ ಏನೂ ಆಗುವುದಿಲ್ಲ. ಎರಡು ಕ್ಯಾರಿಯರ್‌ಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ರೋಗಕ್ಕೆ ತುತ್ತಾಗುತ್ತದೆ. ಕ್ಯಾರಿಯರನ್ನು ಕ್ಲಿಯರ್ ನಾಯಿಗೆ ಕೂಡಿಸಿದರೆ ಸುಮಾರು ಅರ್ಧ ಮರಿಗಳು ಕ್ಯಾರಿಯರ್ ಆಗಬಹುದು, ರೋಗ ಮಾತ್ರ ಒಂದಕ್ಕೂ ಬರುವುದಿಲ್ಲ. ನಾವು ಕೂಡಿಸುವಾಗ ಒಂದು ಕಡೆಯಾದರೂ ಕ್ಲಿಯರ್ ಇದ್ದೇ ಇರುತ್ತದೆ.

ಕ್ಯಾರಿಯರ್‌ಗಳನ್ನು ಪೂರ್ತಿ ಕೈಬಿಡಿ ಎಂದು ಕೆಲವು ಗ್ರಾಹಕರು ಒತ್ತಾಯಿಸಿದ್ದಾರೆ. ಅವರ ಕಾಳಜಿ ಅರ್ಥವಾಗುತ್ತದೆ, ಆದರೂ ಒಪ್ಪಲಾಗದು. ಒಂದು ದೋಷಕ್ಕೆ ಹೆದರಿ ಒಳ್ಳೆಯ ನಾಯಿಗಳನ್ನೆಲ್ಲ ತೆಗೆದುಹಾಕಿದರೆ ಉಳಿದ ಕೆಲವೇ ನಾಯಿಗಳಿಂದ ಇಡೀ ತಳಿ ಬೆಳೆಯಬೇಕಾಗುತ್ತದೆ. ಆಗ ಇನ್ನೊಂದು ದೋಷ ಎಲ್ಲೆಡೆ ಬೇರೂರುತ್ತದೆ. ಡಾಲ್ಮೇಷಿಯನ್ ತಳಿಯಲ್ಲಿ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿಸಿ ಕಲ್ಲು ಕಟ್ಟಿಸುವ ದೋಷ ಎಷ್ಟು ಹರಡಿತ್ತೆಂದರೆ ಶುದ್ಧ ತಳಿಯೊಳಗೆ ಸರಿಯಾದ ವಂಶವಾಹಿಯೇ ಸಿಗಲಿಲ್ಲ. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದು ಪಾಯಿಂಟರ್ ನಾಯಿಯಿಂದ ಅದನ್ನು ತಂದರು. ಮುಂದಿನ ತಲೆಮಾರುಗಳನ್ನು ಮತ್ತೆ ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸಿದ್ದರೂ ಆ ವಂಶದ ನಾಯಿಗಳಿಗೆ ಅಮೆರಿಕನ್ ಕೆನಲ್ ಕ್ಲಬ್ಬಿನ ನೋಂದಣಿ ಬಾಗಿಲು ತೆರೆದದ್ದು 2011ರಲ್ಲಿ. ನಮ್ಮ ಲ್ಯಾಬ್ರಡಾರ್‌ಗಳನ್ನು ಅಂಥ ಇಕ್ಕಟ್ಟಿಗೆ ದೂಡುವುದು ನಮಗೆ ಬೇಡ.

ಸೊಂಟದ ಕೀಲಿನ ದೋಷಕ್ಕೆ ಇಂಥ ಒಂದು ಪರೀಕ್ಷೆಯಿಲ್ಲ. ಅದರ ಹಿಂದೆ ಅನೇಕ ವಂಶವಾಹಿಗಳಿವೆ, ಆಹಾರ ಮತ್ತು ತೂಕದ ಪಾಲೂ ಇದೆ. ಅದಕ್ಕಾಗಿ ತಂದೆ ತಾಯಿಗೆ ಎರಡು ವರ್ಷ ತುಂಬಿದ ಮೇಲೆ ಎಕ್ಸ್‌ರೇ ತೆಗೆಸಿ, ನಂತರವೇ ಕೂಡಿಸುತ್ತೇವೆ. ಈ ವರ್ಷ ಮರಿಗಳು ಕಡಿಮೆಯಾಗಲು ಮುಖ್ಯ ಕಾರಣ ಇದೇ.

ವರದಿ ಕೈಗೆ ಬಂದಾಗ ಅದರಲ್ಲಿರುವ ಮೈಕ್ರೋಚಿಪ್ ಸಂಖ್ಯೆಯನ್ನು ತಾಯಿ ನಾಯಿಯ ಕತ್ತಿನ ಮೇಲೆ ಸ್ಕ್ಯಾನರ್ ಹಿಡಿದು ತಾಳೆ ನೋಡಿ. ದಯವಿಟ್ಟು ಸಂಕೋಚಪಡಬೇಡಿ, ನಾವೇ ಸ್ಕ್ಯಾನರ್ ಕೊಡುತ್ತೇವೆ. ಚಿಪ್ ಸಂಖ್ಯೆಯಿಲ್ಲದ ವರದಿಯನ್ನು ಯಾರಿಂದಲೂ, ನಮ್ಮ ಸದಸ್ಯರಿಂದಲೂ, ಒಪ್ಪಿಕೊಳ್ಳಬೇಡಿ.

ಹಿಂದಿನ ವರ್ಷಗಳಲ್ಲಿ ನಮ್ಮಿಂದ ಮರಿ ಕೊಂಡು ಈಗ ಅದನ್ನು ಕೂಡಿಸಬೇಕೆಂದಿರುವವರು ಮೊದಲು ಸಂಘದ ಕಚೇರಿಗೆ ಕರೆತನ್ನಿ. ಮಾದರಿ ತೆಗೆದು ಕಳಿಸುವ ಕೆಲಸ ನಮ್ಮದು, ಪ್ರಯೋಗಾಲಯದ ಶುಲ್ಕ ಮಾತ್ರ ನಿಮ್ಮದು. ವರದಿ ಬರಲು ಕೆಲವು ವಾರ ಬೇಕಾಗುವುದರಿಂದ ನಾಯಿ ಬೆದೆಗೆ ಬರುವ ಮುಂಚೆಯೇ ಬಂದರೆ ಒಳ್ಳೆಯದು.

ವಂದನೆಗಳೊಂದಿಗೆ,
ಕಾರ್ಯದರ್ಶಿ ಮತ್ತು ಸದಸ್ಯರು