ಶನಿವಾರದ ಪ್ರಶ್ನೆ ತರಗತಿಗೆ ನಿಮ್ಮ ನೆರವು ಬೇಕು

ಆತ್ಮೀಯರೇ,

ವಾಜಶ್ರವಸ ಯಜ್ಞ ಮಾಡಿ ದಾನ ಕೊಡುತ್ತಿದ್ದುದು ಎಂಥ ಹಸುಗಳನ್ನು? ಕುಡಿಯುವ ನೀರು, ಮೇಯುವ ಹುಲ್ಲು ಎಲ್ಲ ಮುಗಿಸಿಕೊಂಡ, ಹಾಲು ಬತ್ತಿದ ಮುದಿ ಹಸುಗಳನ್ನು. ಮಗ ನಚಿಕೇತನಿಗೆ ಸುಮ್ಮನಿರಲಾಗಲಿಲ್ಲ. 'ಅಪ್ಪಾ, ನನ್ನನ್ನು ಯಾರಿಗೆ ಕೊಡುತ್ತೀ?' ಎಂದು ಮೂರು ಸಲ ಕೇಳಿದ. ಕಠೋಪನಿಷತ್ತು ಶುರುವಾಗುವುದೇ ಇಲ್ಲಿಂದ.

ಶನಿವಾರದ ಬೆಳಗಿನ ಶಾಲೆಯಲ್ಲಿ ಬೆಂಚು ಸರಿಸಿ, ಜಮಖಾನೆ ಹಾಸಿ, ಎಂಟನೇ ತರಗತಿಯ ಮಕ್ಕಳೊಡನೆ ದುಂಡಗೆ ಕೂತು ಈ ಕಥೆ ಓದಿದೆವು. ನೀತಿ ಏನೆಂದು ನಾವು ಹೇಳಲಿಲ್ಲ. ಒಬ್ಬಳು ಕೇಳಿದಳು: 'ಹರಿದ ಬಟ್ಟೆ ಕೊಡ್ತಾರಲ್ಲ ಸಾರ್, ಅದೂ ದಾನಾನಾ?' 'ಹಳೇದಾದ್ರೇನು, ಉಪಯೋಗಕ್ಕೆ ಬಂದ್ರೆ ಸಾಕು' ಎಂದ ಇನ್ನೊಬ್ಬ. ಹಿಂದೆ ಕೂತಿದ್ದ, ಎಂದೂ ಮಾತಾಡದ ಹುಡುಗಿ ಮೆಲ್ಲಗೆ, 'ಉಪಯೋಗಕ್ಕೆ ಬರುತ್ತೋ ಇಲ್ವೋ ಅಂತ ಹೇಳ್ಬೇಕಾದೋರು ಯಾರು? ಕೊಟ್ಟೋರಾ, ತಗೊಂಡೋರಾ?' ಎಂದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಇದೇ ನಮ್ಮ ತತ್ತ್ವಶಾಸ್ತ್ರದ ತರಗತಿ. ಈ ಕ್ರಮ ನಾವು ಕಂಡುಹಿಡಿದದ್ದಲ್ಲ. ಕಾಲೇಜಿಗೆ ಬಂದ ಮೇಲೆ ತರ್ಕ ಕಲಿಸಿದರೆ ತಡವಾಯಿತು ಎಂದು ಮನಗಂಡ ಅಮೆರಿಕದ ಪ್ರಾಧ್ಯಾಪಕ ಮ್ಯಾಥ್ಯೂ ಲಿಪ್‌ಮನ್, 1974ರಲ್ಲಿ ಮಕ್ಕಳ ತತ್ತ್ವಚಿಂತನೆಗೆಂದೇ ನ್ಯೂಜೆರ್ಸಿಯಲ್ಲಿ ಸಂಸ್ಥೆ ಕಟ್ಟಿದರು. ಕಥೆ ಓದುವುದು, ಪ್ರಶ್ನೆಯನ್ನು ಮಕ್ಕಳೇ ಎತ್ತುವುದು, ಒಟ್ಟಾಗಿ ವಿಚಾರ ಮಾಡುವುದು ಅವರ ದಾರಿ. ಫ್ರಾನ್ಸಿನಲ್ಲಂತೂ ಶಾಲೆಯ ಕೊನೆಯ ವರ್ಷ ತತ್ತ್ವಶಾಸ್ತ್ರದಲ್ಲಿ ನಾಲ್ಕು ಗಂಟೆಯ ಪರೀಕ್ಷೆಯೇ ಇದೆ. ನಮ್ಮಲ್ಲಿ ತರ್ಕಶಾಸ್ತ್ರ ಸಿಗುವುದು ಪಿಯುಸಿಯಲ್ಲಿ, ಅದೂ ಕಲಾ ವಿಭಾಗದಲ್ಲಿ ಆರಿಸಿಕೊಂಡವರಿಗೆ ಮಾತ್ರ. ಎಂ. ಹಿರಿಯಣ್ಣನವರೂ ರಾಧಾಕೃಷ್ಣನ್ನರೂ ಪಾಠ ಹೇಳಿದ ಮೈಸೂರು ಇರುವ ನಾಡಿಗೆ ಇಷ್ಟು ಸಾಲದು ಎಂದೇ ನಮ್ಮ ನಂಬಿಕೆ. ವಚನಗಳನ್ನು ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಅಲ್ಲಮನೊಡನೆ ವಾದಿಸಲು ಅವರಿಗೆ ಯಾರೂ ಬಿಡುತ್ತಿಲ್ಲ.

ನಮಗೆ ಬೇಕಿರುವುದು ದೊಡ್ಡ ಕಟ್ಟಡವಲ್ಲ. ಹಳ್ಳಿಯ ಸರ್ಕಾರಿ ಪ್ರೌಢಶಾಲೆಗಳಿಗೆ ಹೋಗಿಬರುವ ಶಿಕ್ಷಕರ ಗೌರವಧನ ಮತ್ತು ಬಸ್ ಖರ್ಚು, ಅವರಿಗೆ ಬೇಸಿಗೆಯ ತರಬೇತಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ ಕನ್ನಡ ಕಥಾಪುಸ್ತಿಕೆಗಳು, ಜಮಖಾನೆಗಳು. ಗೌರವಧನವೇ ಹೆಚ್ಚಿನ ಭಾಗ. ಅದು ನಿಂತರೆ ತರಗತಿಯೂ ನಿಲ್ಲುತ್ತದೆ. ನೂರು ರೂಪಾಯಿಯಾದರೂ ಸರಿ, ತಿಂಗಳು ತಿಂಗಳೂ ಬಂದರೆ ನಮಗೆ ಆಸರೆ. ಚೆಕ್ಕನ್ನು ಟ್ರಸ್ಟಿನ ಹೆಸರಿಗೇ ಬರೆಯಿರಿ. ಪ್ರತಿ ಮೊತ್ತಕ್ಕೂ ರಸೀದಿ ಕೊಡುತ್ತೇವೆ, ವರ್ಷದ ಲೆಕ್ಕ ಕಳಿಸುತ್ತೇವೆ.

ಒಂದು ಕೋರಿಕೆ: ಹಳೆಯ ಗೈಡುಗಳನ್ನು ದಯವಿಟ್ಟು ಕಳಿಸಬೇಡಿ. ಪುಸ್ತಕ ಕೊಡುವ ಮನಸ್ಸಿದ್ದರೆ ಮೊದಲು ಕೇಳಿ, ಯಾವುದು ಬೇಕೆಂದು ಮಕ್ಕಳೇ ಪಟ್ಟಿ ಬರೆದು ಕಳಿಸುತ್ತಾರೆ. ನವೆಂಬರಿನ ಮೂರನೇ ಗುರುವಾರ ವಿಶ್ವ ತತ್ತ್ವಶಾಸ್ತ್ರ ದಿನ. ಅಂದು ಬಿಡುವು ಮಾಡಿಕೊಂಡು ಬನ್ನಿ, ಮಕ್ಕಳ ಜೊತೆ ಜಮಖಾನೆಯ ಮೇಲೆ ಕೂತು ಅವರ ಪ್ರಶ್ನೆ ಕೇಳಿಸಿಕೊಳ್ಳಿ.

ಇಂತಿ,
ಟ್ರಸ್ಟಿನ ಕಾರ್ಯದರ್ಶಿ ಮತ್ತು ಶಿಕ್ಷಕ ಬಳಗ