ಔಷಧ ಅಂಗಡಿ ಹುಡುಗ, ಮೇಲ್ಮನೆ ಅಜ್ಜಿ ಮತ್ತು ನಾನು

ಹೋದ ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಪಾಸಾದೆ. ಮೆಸೇಜ್ ಮಾಡಿದವರಿಗೆ ಒಬ್ಬೊಬ್ಬರಿಗೇ ಉತ್ತರ ಬರೆಯಲು ಕೂತೆ. ಹತ್ತು ಜನಕ್ಕೆ ಬರೆಯುವಷ್ಟರಲ್ಲಿ ಎಲ್ಲರಿಗೂ ಅದೇ ಎರಡು ಸಾಲು ಹೋಗುತ್ತಿದೆ, ಹೇಳಬೇಕಾದದ್ದು ಉಳಿದೇ ಹೋಗುತ್ತಿದೆ ಅನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಷ್ಟು ವರ್ಷ ಹಿಡಿಯಿತು, ಸ್ಕಾಲರ್‌ಶಿಪ್ ನಿಂತಾಗ ಏನಾಯಿತು, ಎರಡು ಸಲ ಯಾಕೆ ಬಿಟ್ಟುಬಿಡಲು ಹೊರಟಿದ್ದೆ, ಇದೆಲ್ಲ ನಿಮಗೆ ಗೊತ್ತು. ಮತ್ತೆ ಹೇಳುವುದಿಲ್ಲ. ಗೊತ್ತಿಲ್ಲದ್ದು ಒಂದಿದೆ. ಅದನ್ನು ಹೇಳುತ್ತೇನೆ.

ನನ್ನ ಥೀಸಿಸ್ ಜರ್ಮನಿಯ ಸಿನಿಮಾ ಮತ್ತು ರಂಗ ನಿರ್ದೇಶಕ ಕ್ರಿಸ್ಟೋಫ್ ಶ್ಲಿಂಗೆನ್‌ಸೀಫ್ ಬಗ್ಗೆ. ಆ ಹೆಸರು ಅಪ್ಪನ ನಾಲಿಗೆಗೆ ಕೊನೆವರೆಗೂ ಹತ್ತಲಿಲ್ಲ. "ನಿನ್ನ ಔಷಧ ಅಂಗಡಿ ಹುಡುಗ ಹೇಗಿದ್ದಾನಮ್ಮಾ?" ಎಂದೇ ಕೇಳುತ್ತಿದ್ದರು. ಅಪ್ಪನದು ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್. ಕ್ರಿಸ್ಟೋಫ್‌ನ ಅಪ್ಪನೂ ಔಷಧ ಅಂಗಡಿಯವರೇ, ಜರ್ಮನಿಯ ಓಬರ್‌ಹೌಸನ್‌ನಲ್ಲಿ. ತಾಯಿ ಮಕ್ಕಳ ನರ್ಸ್. 1960ರಲ್ಲಿ ಹುಟ್ಟಿದ ಒಬ್ಬನೇ ಮಗ. ಚರ್ಚಿನಲ್ಲಿ ಪೂಜೆಗೆ ಪಾದ್ರಿಯ ಪಕ್ಕ ನಿಲ್ಲುತ್ತಿದ್ದ ಹುಡುಗ. ಇಷ್ಟು ಹೇಳಿದ್ದಕ್ಕೇ ಅಪ್ಪ "ಹಾಗಾದ್ರೆ ನಮ್ಮವನೇ ಬಿಡು" ಅಂದಿದ್ದರು.

ಆ ನಮ್ಮವನ ಕಥೆಯನ್ನು ಅಪ್ಪನಿಗೆ ಭಾನುವಾರಗಳಂದು ಫೋನಿನಲ್ಲಿ ಕಂತು ಕಂತಾಗಿ ಹೇಳುತ್ತಿದ್ದೆ. ಎರಡು ಜರ್ಮನಿ ಒಂದಾದ 1990ರಲ್ಲಿ ಊರೆಲ್ಲ ಹಬ್ಬ ಮಾಡುತ್ತಿದ್ದಾಗ, ಗಡಿ ದಾಟಿ ಬಂದ ಪೂರ್ವದವರನ್ನು ಪಶ್ಚಿಮದ ಕುಟುಂಬವೊಂದು ಗರಗಸದಲ್ಲಿ ಕೊಯ್ದು ಸಾಸೇಜ್ ಮಾಡುವ ಸಿನಿಮಾ ತೆಗೆದವನು ಅವನು. 1993ರಲ್ಲಿ ಬರ್ಲಿನ್ನಿನ ಫೋಕ್ಸ್‌ಬ್ಯೂನ ರಂಗಮಂದಿರಕ್ಕೆ ಬಂದ. 1997ರಲ್ಲಿ ಕಾಸೆಲ್‌ನ ಡಾಕ್ಯುಮೆಂಟಾ ಅನ್ನುವ ಕಲಾಮೇಳದಲ್ಲಿ ಪ್ರದರ್ಶನದ ನಡುವೆಯೇ ಪೊಲೀಸರು ಹಿಡಿದುಕೊಂಡು ಹೋದರು. ಮರುವರ್ಷ ನಿರುದ್ಯೋಗಿಗಳಿಗಾಗಿ, ಅಂಗವಿಕಲರಿಗಾಗಿ ಒಂದು ಪಕ್ಷವನ್ನೇ ಕಟ್ಟಿದ. ಚಾನ್ಸಲರ್ ಹೆಲ್ಮುಟ್ ಕೋಲ್ ರಜೆ ಕಳೆಯುತ್ತಿದ್ದ ಕೆರೆಗೆ ದೇಶದ ನಿರುದ್ಯೋಗಿಗಳೆಲ್ಲ ಒಟ್ಟಿಗೆ ಇಳಿಯಿರಿ, ನೀರು ಉಕ್ಕಿ ಅವರ ಮನೆಗೆ ನುಗ್ಗಲಿ ಅಂತ ಕರೆ ಕೊಟ್ಟ. ಬಂದವರು ಕಡಿಮೆ. ಆದರೆ ಅಪ್ಪನಿಗೆ ಈ ಕಥೆ ಎಷ್ಟು ಹಿಡಿಸಿತೆಂದರೆ, ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರಂತೆ.

ವಿಯೆನ್ನಾದ ಕಥೆ ಹೇಳಿದ ದಿನ ಅಪ್ಪ ನಗಲಿಲ್ಲ. 2000ದ ಜೂನ್. ವಲಸಿಗರ ವಿರುದ್ಧ ಮಾತಾಡಿ ಬೆಳೆದ ಪಕ್ಷ ಆಸ್ಟ್ರಿಯಾದ ಸರ್ಕಾರದಲ್ಲಿ ಸೇರಿಕೊಂಡು ಕೆಲವೇ ತಿಂಗಳಾಗಿತ್ತು. ಶ್ಲಿಂಗೆನ್‌ಸೀಫ್ ಸ್ಟೇಟ್ ಒಪೆರಾದ ಪಕ್ಕದಲ್ಲೇ ಕಂಟೇನರ್‌ಗಳನ್ನು ಇಟ್ಟ. ಒಳಗೆ ಆಶ್ರಯ ಕೇಳಿ ಬಂದ ಹನ್ನೆರಡು ಜನ. ಮೇಲೆ 'ವಿದೇಶಿಯರೇ ತೊಲಗಿ' ಅನ್ನುವ ದೊಡ್ಡ ಬೋರ್ಡು. ಆಗ ಟಿವಿಯಲ್ಲಿ ಬಿಗ್ ಬ್ರದರ್ ಶುರುವಾದ ಹೊಸತು. ಅದೇ ಆಟ, ಒಂದು ವಾರ. ದಿನಕ್ಕೆ ಇಬ್ಬರನ್ನು ಜನ ವೋಟ್ ಹಾಕಿ ಹೊರಗೆ ಕಳಿಸಬೇಕು. ಗೆದ್ದವರಿಗೆ ಹಣ, ಜೊತೆಗೆ ಮದುವೆಯ ಮೂಲಕ ಆ ದೇಶದಲ್ಲಿ ಉಳಿಯುವ ಆಸೆ. ಬಲಪಂಥದವರು ದೇಶದ ಮಾನ ಹೋಯಿತು ಎಂದು ಸಿಟ್ಟಾದರು. ಎಡಪಂಥದವರು ಕಂಟೇನರ್ ಹತ್ತಿ ಒಳಗಿದ್ದವರನ್ನು ಬಿಡಿಸಲು ನುಗ್ಗಿದರು. ಆದರೆ ಬೋರ್ಡಿನ ಮೇಲಿದ್ದ ಮಾತು ಅವನು ಹುಟ್ಟಿಸಿದ್ದಲ್ಲ. ಚುನಾವಣೆಯಲ್ಲಿ ಮೆಲ್ಲಗೆ ಹೇಳಿದ್ದನ್ನು ಅವನು ಪೇಟೆ ಮಧ್ಯೆ ದೊಡ್ಡಕ್ಷರದಲ್ಲಿ ಬರೆದಿದ್ದ, ಅಷ್ಟೇ.

ಅಪ್ಪ ಎಲ್ಲ ಕೇಳಿ ಸುಮ್ಮನಾದರು. ಆಮೇಲೆ, "ಆ ಹನ್ನೆರಡು ಜನ ಆಮೇಲೆ ಏನಾದರು?" ಅಂದರು. ನಾನು ಅಷ್ಟು ಹೊತ್ತಿಗೆ ಅದರ ಬಗ್ಗೆ ಬಹಳ ಓದಿದ್ದೆ. ಯಾವ ಲೇಖನವೂ ಆ ಪ್ರಶ್ನೆಯಿಂದ ಶುರುವಾಗಿರಲಿಲ್ಲ. ನನ್ನ ಎರಡನೇ ಅಧ್ಯಾಯ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಅಪ್ಪ, ಅದು ನಿಮ್ಮದು. ಅಡಿಟಿಪ್ಪಣಿಯಲ್ಲಿ ಹಾಕಲು ಆಗಲಿಲ್ಲ, ಇಲ್ಲಿ ಹಾಕುತ್ತಿದ್ದೇನೆ.

2021ರ ಮೇ ತಿಂಗಳು, ಕೋವಿಡ್ ದಿನಗಳು. ಅಪ್ಪ ಆಸ್ಪತ್ರೆಯಲ್ಲಿದ್ದರು. ನನಗೆ ಊರಿಗೆ ಹೊರಡಲು ಆಗಲಿಲ್ಲ. ಆಗಿನ ನಿಯಮಗಳು, ಆಗಿನ ವಿಮಾನಗಳು, ನಿಮಗೆ ನೆನಪಿದೆ ಅಲ್ವಾ? ಆಸ್ಪತ್ರೆಯ ವಿಷಯ ಬರೆಯುವುದಿಲ್ಲ.

ಆ ರಾತ್ರಿ ನನ್ನ ಮನೆಗೆ ಬಂದವರು ಮೇಲ್ಮನೆ ಅಜ್ಜಿ. ನಾನು ಓಬರ್‌ಹೌಸನ್‌ನಲ್ಲೇ ಮನೆ ಮಾಡಿದ್ದೆ. ಬಾಡಿಗೆ ಕಡಿಮೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ನಿಜವಾಗಿ ಅವನ ಊರಲ್ಲಿ ಇರಬೇಕು ಅನ್ನುವ ಆಸೆ. ಅಜ್ಜಿಗೆ ಎಪ್ಪತ್ತು ದಾಟಿತ್ತು. ಗಂಡ ಕಲ್ಲಿದ್ದಲು ಗಣಿಯಲ್ಲಿ ದುಡಿದು, ಶ್ವಾಸಕೋಶದಲ್ಲಿ ಆ ಧೂಳು ಕೂತು ತೀರಿಕೊಂಡವರು. ನಮ್ಮಿಬ್ಬರ ಪರಿಚಯ ಅಂದರೆ ಮೆಟ್ಟಿಲ ಮೇಲಿನ ನಮಸ್ಕಾರ, ಆಗೊಮ್ಮೆ ಈಗೊಮ್ಮೆ ಒಂದು ತುಂಡು ಕೇಕು. ನಾನು ಓದುತ್ತಿರುವುದು ಶ್ಲಿಂಗೆನ್‌ಸೀಫ್ ಬಗ್ಗೆ ಅಂತ ಗೊತ್ತಾದಾಗ ಮುಖ ಸಿಂಡರಿಸಿದ್ದರು. "ಅವನು ಬರೀ ಕೂಗುತ್ತಿದ್ದ" ಅಂದಿದ್ದರು.

ನಾನು ಆ ರಾತ್ರಿ ಕೂಗಿದ್ದು ಅವರಿಗೆ ಕೇಳಿಸಿತು. ಯಾಕೆ ಕೂಗಿದೆ ಅಂತ ನೆನಪಿಲ್ಲ. ನನ್ನ ತಮ್ಮ ಫೋನಿನಲ್ಲಿ ಏನೋ ಹೇಳಿದ, ಅಷ್ಟು ನೆನಪು. ಬಾಗಿಲು ತೆಗೆದರೆ ಅಜ್ಜಿ ಮಾಸ್ಕ್ ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಒಂದು ಮಡಚುವ ಕುರ್ಚಿ. ಅಡುಗೆಮನೆ ಕಿಟಕಿ ಪೂರ್ತಿ ತೆಗೆದು, ಅದರ ಪಕ್ಕ ಕುರ್ಚಿ ಹಾಕಿ ಕೂತರು. ಹೊರಗೆ ಚಳಿ. ಕೋಟು ತೆಗೆಯಲಿಲ್ಲ. ಆ ವಯಸ್ಸಿಗೆ, ಆ ದಿನಗಳಲ್ಲಿ, ಇನ್ನೊಬ್ಬರ ಮನೆಯಲ್ಲಿ ರಾತ್ರಿಯಿಡೀ ಕೂರುವುದು ಎಂಥ ಧೈರ್ಯ ಅಂತ ನನಗೆ ಹೊಳೆದಿದ್ದು ಎಷ್ಟೋ ದಿನದ ಮೇಲೆ.

ಸಮಾಧಾನದ ಮಾತು ಒಂದೂ ಆಡಲಿಲ್ಲ. ಒಂದೇ ಕೇಳಿದರು: "ನಿಮ್ಮ ತಂದೆ ಹೇಗೆ ಉಸಿರಾಡುತ್ತಿದ್ದಾರೆ?" ನಾನು ಹೇಳಿದೆ. ಅವರು ತಲೆಯಾಡಿಸಿದರು. ಆ ಉಸಿರು ಅವರಿಗೆ ಗೊತ್ತಿತ್ತು. ಗಂಡನ ಪಕ್ಕ ಎಷ್ಟೋ ರಾತ್ರಿ ಕೂತು ಉಸಿರು ಎಣಿಸಿದವರು. "ಇನ್ನು ಮಲಗಬೇಡಿ" ಅಂದರು. ಬೇರೆ ಯಾರೇ ಆಗಿದ್ದರೂ ಮಲಗಿ ಅನ್ನುತ್ತಿದ್ದರು. ನಾನು ಮಲಗಲಿಲ್ಲ. ಅದಕ್ಕೇ ಅಪ್ಪ ಹೋದಾಗ ನಾನು ಎಚ್ಚರವಿದ್ದೆ.

ಬೆಳಗಿನ ಜಾವ ನಾಲ್ಕಕ್ಕೆ, ಅಲ್ಲಿ ಏಳೂವರೆಗೆ, ತಮ್ಮನ ಫೋನು ಬಂತು. ಆಮೇಲೆ ಅಜ್ಜಿ "ನಿಮ್ಮ ತಂದೆಯ ಬಗ್ಗೆ ಹೇಳಿ" ಅಂದರು. ಜರ್ಮನ್‌ನಲ್ಲಿ ಶುರು ಮಾಡಿದೆ. ನನ್ನ ಜರ್ಮನ್ ಲೈಬ್ರರಿಯ ಜರ್ಮನ್. ಅದರಲ್ಲಿ ಅಪ್ಪ ಇರಲಿಲ್ಲ. ಕನ್ನಡಕ್ಕೆ ಹೊರಳಿದೆ. ಅಂಗಡಿಯ ಮೇಜಿನ ಕೆಳಗೆ ನನಗೆ ಅಂತ ಇಡುತ್ತಿದ್ದ ಖಾಲಿ ಡಬ್ಬಗಳು, ಡಾಕ್ಟರ ಅಕ್ಷರ ಓದುವಾಗ ಕನ್ನಡಕ ಹಣೆಗೇರಿಸುತ್ತಿದ್ದದ್ದು, ದುಡ್ಡಿಲ್ಲದವರಿಗೆ "ಆಮೇಲೆ ಕೊಡಿ" ಅಂತ ಚೀಟಿ ಬರೆಯದೆ ಕೊಡುತ್ತಿದ್ದದ್ದು. ಒಂದು ಗಂಟೆ ಮಾತಾಡಿರಬೇಕು. ಅಜ್ಜಿಗೆ ಒಂದು ಪದವೂ ಅರ್ಥವಾಗಿರಲಾರದು. ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಅಂತ್ಯಸಂಸ್ಕಾರವನ್ನು ಫೋನಿನಲ್ಲೇ ನೋಡಿದೆ. ಹಿಂದಿನ ಕಿಟಕಿ ಫೋನಿನ ಗಾಜಿನಲ್ಲಿ ಮೂಡಿತ್ತು. ಚಿತೆಯ ಮೇಲೆ ಓಬರ್‌ಹೌಸನ್‌ನ ಬೆಳಕು, ಕಿಟಕಿಯ ಚೌಕಟ್ಟು, ಕೋಟು ಹಾಕಿಕೊಂಡ ಅಜ್ಜಿ. ಶ್ಲಿಂಗೆನ್‌ಸೀಫ್ ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಬಾಲ್ಯದ ಕಥೆಯಿದೆ. ಅವನ ಅಪ್ಪ ತೆಗೆದ ಮನೆಯ ಫಿಲ್ಮ್ ಒಂದರ ಮೇಲೆ ತಪ್ಪಿ ಎರಡು ಸಲ ಚಿತ್ರ ಬಿದ್ದಿತ್ತು. ಸಮುದ್ರತೀರದಲ್ಲಿ ಮಲಗಿದ್ದ ತನ್ನ, ತನ್ನ ಅಮ್ಮನ ಹೊಟ್ಟೆಯ ಮೇಲೆ ಯಾರೋ ನಡೆದು ಹೋಗುತ್ತಿದ್ದರಂತೆ. ತನ್ನ ಕಲೆಯೆಲ್ಲ ಅಲ್ಲಿಂದ ಹುಟ್ಟಿತು ಅನ್ನುವ ಹಾಗೆ ಹೇಳುತ್ತಿದ್ದ. ಅದನ್ನು ಎಷ್ಟೋ ಸಲ ಬರೆದಿದ್ದೆ. ಅಂದು ಬೆಳಿಗ್ಗೆ ಅದು ನನ್ನ ಕೈಯಲ್ಲಿತ್ತು.

ಆಮೇಲೆ ಏಳು ತಿಂಗಳು ಒಂದು ಸಾಲೂ ಬರೆಯಲಿಲ್ಲ. ಅವನ ಪುಸ್ತಕ ಮುಟ್ಟಲು ಆಗುತ್ತಿರಲಿಲ್ಲ. ಮುಂದೆ ಬರೆಯಬೇಕಿದ್ದದ್ದು ಅವನ ಕೊನೆಯ ವರ್ಷಗಳ ಅಧ್ಯಾಯ. 2004ರಲ್ಲಿ ಬೈರಾಯ್ಟ್‌ನ ಒಪೆರಾ ಉತ್ಸವದಲ್ಲಿ ಸಂಗೀತಗಾರ ವಾಗ್ನರ್‌ನ 'ಪಾರ್ಸಿಫಾಲ್' ಮಾಡಿ, ಕೊಳೆಯುತ್ತಿರುವ ಮೊಲವನ್ನು ಪರದೆಯ ಮೇಲೆ ತೋರಿಸಿ ಬೈಸಿಕೊಂಡ. 2007ರಲ್ಲಿ ಅಮೆಜಾನ್ ಕಾಡಿನ ನಡುವಿನ ಮನೌಸ್ ಒಪೆರಾಕ್ಕೆ ಹೋಗಿ ವಾಗ್ನರ್ ಮಾಡಿದ. ಅದೇ ವರ್ಷ ಅಪ್ಪನನ್ನು ಕಳೆದುಕೊಂಡ. 2008ರ ಶುರುವಿಗೆ ಶ್ವಾಸಕೋಶದ ಕ್ಯಾನ್ಸರ್. ಆಸ್ಪತ್ರೆಯಲ್ಲಿ ರೆಕಾರ್ಡರ್ ಹಿಡಿದು ರಾತ್ರಿಗಳಲ್ಲಿ ಮಾತಾಡಿದ. ಅದೇ ಸೆಪ್ಟೆಂಬರಿಗೆ ಡುಯಿಸ್‌ಬರ್ಗ್‌ನ ಹಳೆಯ ಕಬ್ಬಿಣದ ಕಾರ್ಖಾನೆಯೊಳಗೆ, ತಾನು ಬಾಲ್ಯದಲ್ಲಿ ಹೋಗುತ್ತಿದ್ದ ಓಬರ್‌ಹೌಸನ್ ಚರ್ಚನ್ನೇ ರಂಗದ ಮೇಲೆ ಕಟ್ಟಿ ಒಂದು ಒರಟೋರಿಯೋ (ಧಾರ್ಮಿಕ ಗಾಯನ ರೂಪಕ) ಮಾಡಿದ. 'ನನ್ನೊಳಗಿನ ಪರಕೀಯನ ಬಗೆಗಿನ ಭಯದ ಚರ್ಚು'. ಅದರಲ್ಲಿ ಆ ಧ್ವನಿ ಕೇಳಿಸುತ್ತದೆ. ಅಳುವ ಧ್ವನಿ.

ನನ್ನಿಂದ ಅದನ್ನು ಒಬ್ಬಳೇ ನೋಡಲು ಆಗಲಿಲ್ಲ. ಡಿಸೆಂಬರಿನ ಒಂದು ಸಂಜೆ ಅಜ್ಜಿಯನ್ನು ಕೇಳಿದೆ. ಬಂದರು, ಅದೇ ಮಡಚುವ ಕುರ್ಚಿ ಹಿಡಿದುಕೊಂಡು. ಲ್ಯಾಪ್‌ಟಾಪ್‌ನಲ್ಲಿ ಚಿತ್ರೀಕರಣ ಹಾಕಿದೆ. ಅಜ್ಜಿ ಆ ಚರ್ಚು ತಮ್ಮೂರಿನದೇ ಅಂತ ಗುರುತು ಹಿಡಿದರು. ಧ್ವನಿ ಬಂದಾಗ ನನ್ನ ಕೈ ಹಿಡಿದರು. ಮುಗಿದ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: "ನನ್ನ ಗಂಡನೂ ಹೀಗೇ ಅಳುತ್ತಿದ್ದ. ಬಚ್ಚಲಮನೆ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು. ನನಗೆ ಕೇಳಿಸುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ. ಈ ಹುಡುಗ ನಲ್ಲಿ ನಿಲ್ಲಿಸಿದ್ದಾನೆ."

ಈ ಹುಡುಗ ನಲ್ಲಿ ನಿಲ್ಲಿಸಿದ್ದಾನೆ. ಶ್ಲಿಂಗೆನ್‌ಸೀಫ್ ಬಗ್ಗೆ ನಾನು ಓದಿದ ಸಾವಿರಾರು ಪುಟಗಳಲ್ಲಿ ಇಂಥ ಮಾತು ಸಿಕ್ಕಿರಲಿಲ್ಲ. ವಿಯೆನ್ನಾದ ಬೋರ್ಡು, ಆ ಕೆರೆ, ಆ ಮೊಲ, ಆ ಎಲ್ಲ ಕೂಗಾಟ ಒಂದೇ ಕೆಲಸ ಮಾಡುತ್ತಿತ್ತು ಅಂತ ನನಗೆ ಕಂಡಿದ್ದು ಅಂದು. ಒಳಗೆ ಅಳು ಇದೆ ಅಂತ ಎಲ್ಲರಿಗೂ ಗೊತ್ತು. ಮೇಲೆ ನೀರಿನ ಸದ್ದು. ಅವನು ನಲ್ಲಿ ನಿಲ್ಲಿಸುತ್ತಿದ್ದ. ಜನಕ್ಕೆ ಅದನ್ನು ಸಹಿಸಲು ಆಗುತ್ತಿರಲಿಲ್ಲ. ಮೊದಲು ದೇಶದ ಮನೆಯಲ್ಲಿ ಮಾಡಿದ, ಕೊನೆಗೆ ತನ್ನ ಸ್ವಂತ ಬಚ್ಚಲಮನೆಯಲ್ಲೂ ಮಾಡಿದ. ನನ್ನ ನಾಲ್ಕನೇ ಅಧ್ಯಾಯವನ್ನು ಪೂರ್ತಿ ಹರಿದು ಮತ್ತೆ ಬರೆದೆ. ವೈವಾದಲ್ಲಿ ಜಾಸ್ತಿ ಚರ್ಚೆಯಾದದ್ದು ಅದೇ ಅಧ್ಯಾಯ. ಅಜ್ಜಿಯ ಒಪ್ಪಿಗೆ ಕೇಳಿಯೇ ಆ ಮಾತನ್ನು ಬಳಸಿದ್ದೇನೆ. ಹೆಸರು ಬೇಡ ಅಂದರು, ಅದಕ್ಕೇ ಇಲ್ಲೂ ಹಾಕಿಲ್ಲ.

ನನ್ನ ಗೈಡ್‌ಗೆ, ಬರ್ಲಿನ್ನಿನ ಕಲಾ ಅಕಾಡೆಮಿಯಲ್ಲಿ ಅವನ ಕಾಗದಪತ್ರಗಳ ಪೆಟ್ಟಿಗೆಗಳನ್ನು ಬೇಸರವಿಲ್ಲದೆ ತಂದುಕೊಟ್ಟವರಿಗೆ, ಸ್ಕಾಲರ್‌ಶಿಪ್ ನಿಂತ ತಿಂಗಳುಗಳಲ್ಲಿ ಬಾಡಿಗೆ ಕಟ್ಟಿದ ಮೂವರು ಗೆಳತಿಯರಿಗೆ, ಯುಗಾದಿಗೆ ಕರೆದು ಒಬ್ಬಟ್ಟು ಕಟ್ಟಿಕೊಟ್ಟ ಇಲ್ಲಿನ ಕನ್ನಡದ ಮನೆಗಳಿಗೆ, ಕರಡು ತಿದ್ದಿದವರಿಗೆ, ಎಲ್ಲರಿಗೂ ಮನಸ್ಸು ತುಂಬಿ ನಮಸ್ಕಾರ. ತಮ್ಮನಿಗೆ ಬೇರೆ ಹೇಳಬೇಕು. ಅವನು ಅಂಗಡಿ ಮುಚ್ಚಲಿಲ್ಲ. ತನ್ನ ಕೆಲಸ ಬಿಟ್ಟು ಬಂದು ಅಪ್ಪನ ಮೇಜಿನಲ್ಲಿ ಕೂತ. ನಾನು ಇಲ್ಲಿ ಕೂತು ಓದಲು ಆದದ್ದು ಅವನು ಅಲ್ಲಿ ಕೂತಿದ್ದರಿಂದ.

ಅಮ್ಮನಿಗೆ ಏನು ಬರೆಯಲಿ? ಶುಕ್ರವಾರ ಫೋನ್ ಮಾಡಿದಾಗ ಅಮ್ಮ ಮೊದಲು ಕೇಳಿದ್ದು, "ಆ ಔಷಧ ಅಂಗಡಿ ಹುಡುಗ ಕೊನೆಗೆ ಏನಾದ?" ಅಂತ. ಭಾನುವಾರದ ಮಾತುಗಳನ್ನೆಲ್ಲ ಅಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು ಅಂತ ನನಗೆ ಆಗಲೇ ಗೊತ್ತಾಗಿದ್ದು.

ಹೇಳಿದೆ. ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ, ರಾಜಧಾನಿಯಿಂದ ಸ್ವಲ್ಪ ದೂರದ ಲಾವೊಂಗೋ ಅನ್ನುವಲ್ಲಿ ಒಪೆರಾ ಹಳ್ಳಿ ಕಟ್ಟಲು ಹೊರಟ. ಆ ದೇಶದವರೇ ಆದ ಫ್ರಾನ್ಸಿಸ್ ಕೆರೆ ಅದರ ವಾಸ್ತುಶಿಲ್ಪಿ. 2010ರ ಫೆಬ್ರವರಿಯಲ್ಲಿ ಅಡಿಗಲ್ಲು ಹಾಕಿದರು. ಆಗಸ್ಟ್ 21ಕ್ಕೆ ಅವನು ಹೋದ, 49 ವರ್ಷಕ್ಕೆ. ಮರುವರ್ಷ ವೆನಿಸ್ ಬಿಯೆನಾಲೆ ಕಲಾಮೇಳದಲ್ಲಿ ಆ ಭಯದ ಚರ್ಚನ್ನೇ ಜರ್ಮನಿಯ ಪೆವಿಲಿಯನ್ ಒಳಗೆ ನಿಲ್ಲಿಸಿದರು, ಚಿನ್ನದ ಸಿಂಹ ಪ್ರಶಸ್ತಿ ಬಂತು. ಹಳ್ಳಿಯ ಕೆಲಸವನ್ನು ಹೆಂಡತಿ ಐನೋ ಲಾಬರೆನ್ಸ್ ಮುಂದುವರಿಸಿದರು. ಅಲ್ಲಿ ಮೊದಲು ಶುರುವಾದದ್ದು ಶಾಲೆ. ಆಮೇಲೆ ಒಂದು ಆಸ್ಪತ್ರೆ.

"ಔಷಧ ಕೊಡ್ತಾರಾ ಅಲ್ಲಿ?" ಅಂದರು ಅಮ್ಮ.

ಕೊಡ್ತಾರಮ್ಮಾ, ಅಂದೆ.

ಥೀಸಿಸ್‌ನ ಎರಡು ಪ್ರತಿ ಬೈಂಡ್ ಮಾಡಿಸಿದ್ದೇನೆ. ಒಂದು ಅಂಗಡಿಗೆ ಹೋಗುತ್ತದೆ. ಇನ್ನೊಂದನ್ನು ನಿನ್ನೆ ಸಂಜೆ ಮೇಲೆ ಒಯ್ದು ಕೊಟ್ಟೆ. ಅಜ್ಜಿ ಕನ್ನಡಕ ಹಾಕಿಕೊಂಡು ನಾಲ್ಕನೇ ಅಧ್ಯಾಯ ತೆಗೆದು, ಬೆರಳಿಟ್ಟು ಆ ಸಾಲು ಹುಡುಕಿದರು. ಸಿಕ್ಕಿತು. ಎದ್ದು ಹೋಗಿ ಕಾಫಿಗೆ ನೀರಿಟ್ಟರು. ನಾನು ಆ ಮಡಚುವ ಕುರ್ಚಿಯಲ್ಲಿ ಕೂತಿದ್ದೆ.